ತಬಲಾ ಕಲಿಯುತ್ತಿರುವ ಮಗನನ್ನು ಸೈನಿಕ ಶಾಲೆಗೆ ಸೇರಿಸಬಹುದೇ?

ಗದಗದ ತಂದೆ (ಪ್ರಶ್ನೆ):

ನಮ್ಮ ಮಗ ಅಖಿಲ ಭಾರತ ಸೈನಿಕ ಶಾಲಾ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದು ಪಾಸಾಗಿದ್ದಾನೆ. ವಿಜಯಪುರದ ಶಾಲೆಯಲ್ಲಿ ಆರನೆಯ ತರಗತಿಗೆ ಸೀಟು ಸಿಗುವುದು ಬಹುತೇಕ ಖಚಿತ. ಮನೆಯಲ್ಲಿ ಸಂತೋಷವಿದೆ, ಜೊತೆಗೆ ಕಸಿವಿಸಿಯೂ ಇದೆ. ಅದಕ್ಕೆ ಕಾರಣ ತಬಲಾ.

ಏಳನೆಯ ವಯಸ್ಸಿನಿಂದ ಅವನು ಕಲಿಯುತ್ತಿದ್ದಾನೆ. ಅವನ ಗುರುಗಳು ಇಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ತೀನ್ ತಾಲದ ಕಾಯ್ದಾಗಳು (ಬೆಳೆಸುತ್ತಾ ನುಡಿಸುವ ತಬಲಾ ರಚನೆಗಳು) ಈಗ ತಾನೇ ಕೈಗೆ ಕೂಡುತ್ತಿವೆ, ಮುಂದಿನ ವರ್ಷ ತಬಲಾದ ಜೂನಿಯರ್ ಪರೀಕ್ಷೆಗೆ ಕೂರಿಸೋಣ ಎಂದು ಗುರುಗಳು ಹೇಳುತ್ತಾರೆ. ಹುಡುಗ ತುಂಬ ಮಿತಭಾಷಿ. ಓಣಿಯ ಹುಡುಗರ ಜೊತೆ ಕ್ರಿಕೆಟ್‌ಗೂ ಹೋಗುವುದಿಲ್ಲ. ಊಟಕ್ಕೆ ಕುಳಿತರೆ ತಾಟಿನ ಮೇಲೆ, ಬಸ್ಸಿನಲ್ಲಿ ಕುಳಿತರೆ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಾಡಿಸುತ್ತಿರುತ್ತಾನೆ.

ಅಲ್ಲಿ ಇಂಥದ್ದಕ್ಕೆ ಸಮಯ ಸಿಗುತ್ತದೆಯೇ? ಅಥವಾ ಕವಾಯತು, ಆಟ, ಓದು ಇಷ್ಟರಲ್ಲೇ ದಿನ ಮುಗಿಯುತ್ತದೆಯೇ? ಇಷ್ಟು ಮೆತ್ತಗಿನ ಹುಡುಗ ಅಷ್ಟು ಜನರ ನಡುವೆ ಕಳೆದುಹೋಗುವುದಿಲ್ಲವೇ? ಅಲ್ಲಿ ಓದಿದವರು, ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ತಿಳಿಸಿ.

ಬಾಗಲಕೋಟೆಯ ತಾಯಿ:

ನನ್ನ ಮಗ ಕೊಡಗಿನ ಕೂಡಿಗೆಯ ಸೈನಿಕ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾನೆ. ಮೊದಲ ಕೆಲವು ತಿಂಗಳು ಫೋನಿನಲ್ಲಿ ಬರೀ ಅಳು. ನಮ್ಮ ಬಿಸಿಲೂರಿನ ಮಗುವಿಗೆ ಅಲ್ಲಿಯ ಮಳೆಯೂ ಹೊಸದು. ಒಣಗದ ಸಾಕ್ಸ್ ಬಗ್ಗೆಯೇ ಅರ್ಧ ಮಾತು. ಈಗ ಹಾಕಿ ಆಟವೆಂದರೆ ಪ್ರಾಣ, ರಜೆಗೆ ಬಂದರೂ ಕೋಲು ಕೈಬಿಡುವುದಿಲ್ಲ. ಇಲ್ಲಿದ್ದಿದ್ದರೆ ಹಾಕಿ ಕೋಲನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಚಿತ್ರ ಬಿಡಿಸುವುದನ್ನು ನಿಲ್ಲಿಸಿಬಿಟ್ಟ, ಅದು ನನಗೆ ಇನ್ನೂ ನೋವು. ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ: ಬಟ್ಟೆ, ಟವೆಲ್, ಹೊದಿಕೆ ಎಲ್ಲದರ ಮೇಲೂ ಅವನ ಕ್ರಮಾಂಕವನ್ನು ದಾರದಿಂದ ಹೊಲಿದು ಕಳುಹಿಸಲಿ. ಮಾರ್ಕರ್‌ನಿಂದ ಬರೆದದ್ದು ಕೆಲವೇ ಒಗೆತಕ್ಕೆ ಹೋಗುತ್ತದೆ.

ಹಳೆಯ ಕೆಡೆಟ್, ಧಾರವಾಡ:

ಗದಗದ ತಂದೆಯವರೇ, ನಾನು 1987ರಲ್ಲಿ ವಿಜಯಪುರದ ಅದೇ ಶಾಲೆಗೆ ಆರನೆಯ ತರಗತಿಗೆ ಸೇರಿ 1994ರಲ್ಲಿ ಹನ್ನೆರಡನೆಯದು ಮುಗಿಸಿ ಬಂದವನು. ಸೇನೆಗೆ ಹೋಗಲಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆಗ ಅದು ಹುಡುಗರ ಶಾಲೆ, ಈಗ ಕೆಲವು ವರ್ಷಗಳಿಂದ ಹುಡುಗಿಯರಿಗೂ ಪ್ರವೇಶವಿದೆ. ಹೀಗಾಗಿ ನನ್ನ ಮಾತನ್ನು ಇಂದಿನ ವೇಳಾಪಟ್ಟಿಯ ಜೊತೆ ಹೋಲಿಸಿ ನೋಡಿಕೊಳ್ಳಿ.

ಮನೆಯಲ್ಲಿ ಕುಳಿತು ಮಾಡುವಂಥ ರಿಯಾಜ್ ಅಲ್ಲಿ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಯೋಚಿಸಿ. ಬೆಳಕು ಹರಿಯುವ ಮುಂಚೆ ಪಿ.ಟಿ., ಸ್ನಾನ, ಉಪಾಹಾರ, ಪ್ರಾರ್ಥನಾ ಸಭೆ, ತರಗತಿಗಳು, ಊಟ, ಸ್ವಲ್ಪ ವಿಶ್ರಾಂತಿ, ಸಂಜೆ ಆಟ, ಆಮೇಲೆ ‘ಪ್ರೆಪ್’ ಎಂದು ಕರೆಯುವ ಕಡ್ಡಾಯ ಓದು, ಊಟ, ದೀಪ ಆರಿಸುವುದು. ನಡುವೆ ಬೂಟಿಗೆ ಪಾಲಿಶ್, ಬೆಲ್ಟಿನ ಹಿತ್ತಾಳೆ ಕೊಂಡಿಗೆ ಬ್ರಾಸೋ. ಒಬ್ಬನೇ ಕುಳಿತು ಒಂದೇ ಕಾಯ್ದಾವನ್ನು ಮತ್ತೆ ಮತ್ತೆ ತೀಡಲು ಬೇಕಾದ ಏಕಾಂತ ಆ ದಿನಚರಿಯಲ್ಲಿ ಇಲ್ಲ. ಹುಡುಗನ ಜೀವ ತಬಲಾದಲ್ಲೇ ಇದೆ ಎಂದು ಗುರುಗಳಿಗೂ ನಿಮಗೂ ಖಚಿತವಾಗಿದ್ದರೆ, ಸಂಗೀತಕ್ಕೆಂದೇ ಮಕ್ಕಳು ಉಳಿದು ಕಲಿಯುವ ಪುಣ್ಯಾಶ್ರಮ ನಿಮ್ಮ ಊರಿನಲ್ಲೇ ಇದೆ. ಅಲ್ಲಿ ಇಡೀ ದಿನ ಸಂಗೀತದ ಸುತ್ತ ತಿರುಗುತ್ತದೆ. ಸೈನಿಕ ಶಾಲೆಯ ದಿನ ತಿರುಗುವುದು ಬೇರೆಯದರ ಸುತ್ತ.

ಯಾವುದರ ಸುತ್ತ ಎಂದರೆ, ಹೌಸ್, ಅಂದರೆ ಶಾಲೆಯ ಹುಡುಗರನ್ನು ಹಂಚಿದ ತಂಡ. ಹೊಯ್ಸಳ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ, ಒಡೆಯರ್, ಆದಿಲ್‌ಶಾಹಿ: ನಮ್ಮ ಹೌಸ್‌ಗಳಿಗೆ ಈ ನಾಡನ್ನು ಆಳಿದ ಮನೆತನಗಳ ಹೆಸರು. ನಾನು ಚಾಲುಕ್ಯದವನು. ಹಾಕಿ, ಫುಟ್‌ಬಾಲ್, ಚರ್ಚಾಸ್ಪರ್ಧೆ, ರಸಪ್ರಶ್ನೆ, ಸಮೂಹಗಾನ, ಕವಾಯತು, ಎಲ್ಲದರ ಅಂಕವೂ ಹೌಸ್‌ನ ಖಾತೆಗೆ ಸೇರುತ್ತಿತ್ತು. ವರ್ಷದ ಕೊನೆಗೆ ಹೆಚ್ಚು ಅಂಕ ಗಳಿಸಿದ ಹೌಸ್‌ಗೆ ಟ್ರೋಫಿ.

ನಿಮ್ಮ ಮಗನಂಥ ಹುಡುಗನಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಕ್ರಾಸ್ ಕಂಟ್ರಿ ಓಟದಿಂದ ಹೇಳುತ್ತೇನೆ. ಜನವರಿಯ ಚಳಿ, ರಸ್ತೆಯ ಎರಡೂ ಬದಿಗೆ ಹಿಂಗಾರಿ ಜೋಳ ನಿಂತಿರುತ್ತಿತ್ತು. ನಮ್ಮ ಕಾಲದಲ್ಲಿ ಗೆದ್ದವರಿಗೆ ಹೆಚ್ಚು ಅಂಕ ಇದ್ದೇ ಇತ್ತು, ಅದರ ಜೊತೆಗೆ ನಿಗದಿತ ಸಮಯದೊಳಗೆ ಗುರಿ ಮುಟ್ಟಿದ ಪ್ರತಿ ಹುಡುಗನಿಂದಲೂ ಹೌಸ್‌ಗೆ ಅಂಕ ಬರುತ್ತಿತ್ತು. ಈ ಸಣ್ಣ ನಿಯಮ ಎಲ್ಲವನ್ನೂ ಬದಲಿಸುತ್ತಿತ್ತು. ಮೊದಲ ಸ್ಥಾನದ ಓಟಗಾರ ಹೇಗೂ ಓಡುತ್ತಾನೆ. ಹಿಂದೆ ಉಳಿಯುವ ಹತ್ತು ಹುಡುಗರು ಸಮಯದೊಳಗೆ ಬಂದರೆ ಹೌಸ್ ಗೆಲ್ಲುತ್ತದೆ. ಆದ್ದರಿಂದ ಹನ್ನೊಂದನೆಯ ತರಗತಿಯ ಅಣ್ಣಂದಿರು ಓಟಕ್ಕೆ ಕೆಲವು ವಾರ ಮೊದಲೇ ನಿಧಾನದ ಹುಡುಗರನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಆ ನಿಧಾನದವರಲ್ಲಿ ಒಬ್ಬ. ಉಸಿರನ್ನು ಹೆಜ್ಜೆಯ ಲೆಕ್ಕಕ್ಕೆ ಕೂಡಿಸುವುದನ್ನು, ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡುವುದನ್ನು ನನಗೆ ಕಲಿಸಿದವರು ಅವರು. ಊರಿನ ಶಾಲೆಯಲ್ಲಿ ಓಟದ ದಿನ ನಾನು ನೆರಳಿನಲ್ಲಿ ನಿಂತು ಚಪ್ಪಾಳೆ ತಟ್ಟುವವನಾಗಿದ್ದೆ. ಅಲ್ಲಿ ನನ್ನ ಕಾಲು ಇಡೀ ಹೌಸ್‌ಗೆ ಬೇಕಾಯಿತು.

ಮಿತಭಾಷಿ ಎಂದಿರಿ. ಆಶುಭಾಷಣದಲ್ಲಿ ಚೀಟಿ ಎತ್ತಿ, ಬಂದ ವಿಷಯದ ಮೇಲೆ ಮಾತನಾಡಬೇಕು. ಬಾಯಿ ಬಲ್ಲವರಷ್ಟೇ ಎದ್ದು ನಿಂತರೆ ಸಾಕು ಎನ್ನುವಂತಿರಲಿಲ್ಲ, ಸರದಿ ಎಲ್ಲರಿಗೂ ಬರುತ್ತಿತ್ತು. ಕನ್ನಡ ಮಾಧ್ಯಮದಿಂದ ಬಂದ ನಮಗೆ ಇಂಗ್ಲಿಷ್ ಸರದಿ ಬಂದರೆ ಹೊಟ್ಟೆ ತೊಳೆಸುತ್ತಿತ್ತು. ಆದರೆ ಎದುರಿಗೆ ಕುಳಿತವರೆಲ್ಲ ಅದೇ ಸಂಕಟ ಉಂಡವರು, ಹಾಗಾಗಿ ತಡವರಿಸಿದವನಿಗೆ ಕಾಯುತ್ತಿದ್ದರು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರುವ ಆಸೆ ಇಟ್ಟುಕೊಂಡವರಿಗೆ ಇದು ನೇರವಾಗಿ ಒದಗುತ್ತದೆ. ಅಲ್ಲಿ ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿ, ಅಂದರೆ ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿಯ, ಐದು ದಿನಗಳ ಆಯ್ಕೆ ಪ್ರಕ್ರಿಯೆಗೂ 900 ಅಂಕ. ಗುಂಪು ಚರ್ಚೆ, ಕೊಟ್ಟ ವಿಷಯದ ಮೇಲೆ ಮೂರು ನಿಮಿಷದ ಭಾಷಣ, ಹಲಗೆ ಹಗ್ಗ ಹಿಡಿದು ಗುಂಪಾಗಿ ಅಡೆತಡೆ ದಾಟುವುದು, ಇವೆಲ್ಲ ಆ ಎರಡನೆಯ ಅರ್ಧದಲ್ಲಿವೆ. ಅದಕ್ಕೆ ಬೇಕಾದ ಧೈರ್ಯ ತರಗತಿಯ ಬೆಂಚಿನ ಮೇಲೆ ಹುಟ್ಟುವುದಿಲ್ಲ, ಸಂಜೆಯ ಮೈದಾನದಲ್ಲಿ, ಸಭಾಂಗಣದಲ್ಲಿ ಹುಟ್ಟುತ್ತದೆ. ಆದರೂ ಒಂದು ವಿನಂತಿ: ಅವನನ್ನು ಅಧಿಕಾರಿಯಾಗಲೆಂದೇ ಕಳುಹಿಸಬೇಡಿ. ಹತ್ತು ವರ್ಷದ ಹೆಗಲ ಮೇಲೆ ಆ ಭಾರ ಹೇರಿದರೆ ಇದಾವುದನ್ನೂ ಅವನು ಸವಿಯಲಾರ.

ನನ್ನ ಪಾಲಿಗೆ ತೆರೆದುಕೊಂಡದ್ದು ರಂಗದ ಹಿಂಭಾಗ. ವಾರ್ಷಿಕೋತ್ಸವದ ನಾಟಕಕ್ಕೆ ದೀಪಗಳನ್ನು ನಿಧಾನವಾಗಿ ಮಂಕು ಮಾಡುವ ಉಪಕರಣ ನಮ್ಮಲ್ಲಿ ಇರಲಿಲ್ಲ. ವಿದ್ಯುತ್ ಕೆಲಸದ ಹಿರಿಯರೊಬ್ಬರು ಜಾಡಿಯಲ್ಲಿ ಉಪ್ಪುನೀರು ತುಂಬಿ ಎರಡು ಲೋಹದ ತಗಡು ಇಳಿಬಿಟ್ಟು, ಒಂದು ತಗಡನ್ನು ಇನ್ನೊಂದರ ಹತ್ತಿರ ತರುತ್ತಾ ಹೋದಂತೆ ದೀಪ ಬೆಳಗುವುದನ್ನು, ದೂರ ಸರಿಸಿದಂತೆ ಮಂಕಾಗುವುದನ್ನು ತೋರಿಸಿದರು. ಅಪಾಯದ ಕೆಲಸವಾದ್ದರಿಂದ ನಮ್ಮನ್ನು ಮುಟ್ಟಗೊಡಲಿಲ್ಲ, ಸೂಚನೆ ಕೊಡುವುದಷ್ಟೇ ನಮ್ಮ ಕೆಲಸ. ವಿದ್ಯುತ್ ರೋಧ ಎಂಬುದು ನನಗೆ ಅರ್ಥವಾದದ್ದು ಆ ಜಾಡಿಯ ಬಳಿ. ಇವತ್ತಿಗೂ ಆ ಪಾಠ ಮಾಡುವಾಗ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಇಂಥದ್ದೊಂದು ಬಾಗಿಲು ನಿಮ್ಮ ಮಗನಿಗೆ ಎಲ್ಲಿ ತೆರೆಯುತ್ತದೆ ಎಂದು ನೀವಾಗಲಿ ನಾನಾಗಲಿ ಈಗಲೇ ಹೇಳಲಾಗದು.

ಗದಗದ ತಂದೆ:

ಇಷ್ಟು ಬಿಡಿಸಿ ಬರೆದದ್ದಕ್ಕೆ ಕೃತಜ್ಞ. ನಿಮ್ಮ ಉತ್ತರವನ್ನು ಮಗನಿಗೆ ಓದಿ ಹೇಳಿದೆ. ಉಪ್ಪುನೀರಿನ ವಿಷಯವನ್ನು ಮತ್ತೊಮ್ಮೆ ಓದಿಸಿದ, ತಬಲಾ ವಿಷಯ ಬಂದಾಗ ಸುಮ್ಮನಾದ. ಇನ್ನೆರಡು ಪ್ರಶ್ನೆ: ದೊಡ್ಡ ಹುಡುಗರ ಕಾಟ ಇರುತ್ತದೆಯೇ? ತಬಲಾವನ್ನು ಜೊತೆಗೆ ಕಳುಹಿಸಲೇ?

ಶಿವಮೊಗ್ಗದ ನಿವೃತ್ತ ನಿಲಯಪಾಲಕ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಸೈನಿಕ ಶಾಲೆಯ ಅನುಭವ ನನಗಿಲ್ಲ, ಬೇರೆ ವಸತಿ ಶಾಲೆಗಳಲ್ಲಿ ಕೆಲಸ ಮಾಡಿದ್ದೇನೆ. ಅವುಗಳಲ್ಲಿ ಒಂದರಲ್ಲಿ ಚಿಕ್ಕ ಹುಡುಗರಿಂದ ಬಟ್ಟೆ ಒಗೆಸಿಕೊಳ್ಳುವ ರೂಢಿ ಬೇರುಬಿಟ್ಟಿತ್ತು. ಅದು ಹೋದದ್ದು ದಂಡನೆಯಿಂದಲ್ಲ. ಊಟವಾದ ಮೇಲಿನ ಖಾಲಿ ಹೊತ್ತಿನಲ್ಲಿ ನಿಲಯಪಾಲಕರೊಬ್ಬರು ಕೊಠಡಿಗಳ ನಡುವೆ ದಿನವೂ ಓಡಾಡತೊಡಗಿದ ಮೇಲೆ ಹೋಯಿತು. ಕಾಟ ಹುಟ್ಟುವುದು ದೊಡ್ಡವರ ಕಣ್ಣಿಲ್ಲದ ಹೊತ್ತಿನಲ್ಲಿ.

ಆದ್ದರಿಂದ ಶಾಲೆಯನ್ನು ಬೆಳಿಗ್ಗೆ ಕಚೇರಿಯ ವೇಳೆಯಲ್ಲಿ ನೋಡಬೇಡಿ. ಅನುಮತಿ ಪಡೆದು ಸಂಜೆ ಆಟದ ಹೊತ್ತಿಗೆ ಹೋಗಿ. ಮೈದಾನದ ಅಂಚಿನಲ್ಲಿ ಎಷ್ಟು ಹುಡುಗರು ಸುಮ್ಮನೆ ನಿಂತಿದ್ದಾರೆ ನೋಡಿ. ರಾತ್ರಿ ಹುಡುಗರ ಜೊತೆ ಯಾರು ಇರುತ್ತಾರೆ ಎಂದು ಕೇಳಿ. ವಾದ್ಯಗಳ ಬೀರುವಿನ ಕೀಲಿಕೈ ಯಾರ ಬಳಿ ಇರುತ್ತದೆ ಎಂದೂ ಕೇಳಿ. ಕೇಳಿದ ತಕ್ಷಣ ಒಬ್ಬರ ಹೆಸರು ಹೇಳಿದರೆ ಆ ಬೀರು ತೆರೆಯುತ್ತಿರುತ್ತದೆ ಎಂದು ತಿಳಿಯಬಹುದು. ಮಗನ ಜೊತೆ ಫೋನಿನಲ್ಲಿ ಮಾತನಾಡುವಾಗ ‘ಚೆನ್ನಾಗಿದ್ದೀಯಾ’ ಎನ್ನುವ ಬದಲು ‘ಇವತ್ತು ಯಾರ ಜೊತೆ ಊಟಕ್ಕೆ ಕುಳಿತೆ’ ಎಂದು ಕೇಳಿ. ಹೆಸರುಗಳು ಬರುತ್ತಿದ್ದರೆ ಹುಡುಗ ಬೇರೂರುತ್ತಿದ್ದಾನೆ. ವಾರಗಟ್ಟಲೆ ಯಾರ ಹೆಸರೂ ಬರದಿದ್ದರೆ ತಡಮಾಡದೆ ಹೌಸ್ ಮಾಸ್ಟರ್ ಅವರಿಗೆ ಫೋನ್ ಮಾಡಿ.

ಹಳೆಯ ಕೆಡೆಟ್, ಧಾರವಾಡ:

ನಿಲಯಪಾಲಕರು ಹೇಳಿದ್ದು ನೂರಕ್ಕೆ ನೂರು ಸರಿ. ಕೀಲಿಕೈ ಪ್ರಶ್ನೆಯನ್ನು ಮರೆಯದೆ ಕೇಳಿ.

ತಬಲಾವನ್ನು ಮೊದಲ ಅವಧಿಯಲ್ಲಿ ಕಳುಹಿಸಬೇಡಿ. ಇಡಲು ಸರಿಯಾದ ಜಾಗವಿಲ್ಲದೆ ಮಂಚದ ಕೆಳಗೆ ಬಿದ್ದರೆ ಒಳ್ಳೆಯ ಜೋಡಿ ಹಾಳಾಗುತ್ತದೆ. ವಿಜಯಪುರದ ಒಣ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಬದಿಯ ಮರದ ಗಟ್ಟಿಗಳನ್ನು ಹದವಾಗಿ ಬಡಿದು ಸರಿಪಡಿಸಲು ಇಷ್ಟು ಚಿಕ್ಕವನಿಗೆ ಕೈ ಸಾಲದು. ಸಂಗೀತ ಶಿಕ್ಷಕರನ್ನು ಕಂಡು, ಶಾಲೆಯ ತಬಲಾ ಬಳಸಲು ಅವನಿಗೆ ರವಿವಾರವಾದರೂ ಸ್ವಲ್ಪ ಹೊತ್ತು ಬಿಟ್ಟುಕೊಡುವಿರಾ ಎಂದು ನೀವೇ ಕೇಳಿ. ಹುಡುಗ ತಾನಾಗಿ ಕೇಳುವುದಿಲ್ಲ. ಪ್ರಾರ್ಥನಾ ಸಭೆಯ ಹಾಡಿಗೆ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ತಬಲಾ ಬಲ್ಲವನು ಬೇಕೇ ಬೇಕು, ಸಮೂಹಗಾನದ ಸ್ಪರ್ಧೆ ಬಂತೆಂದರೆ ಅವನ ಹೌಸ್ ಅವನನ್ನು ಬಿಡುವುದಿಲ್ಲ.

ಇನ್ನೊಂದು ಇದೆ, ಬ್ಯಾಂಡ್. ಆಗಸ್ಟ್ 15, ಜನವರಿ 26ರ ಕವಾಯತಿಗೆ ಹುಡುಗರೇ ಬ್ಯಾಂಡ್ ಬಾರಿಸುತ್ತಿದ್ದರು. ಲಯ ಕೂಡಿದ ಹುಡುಗನ ಮೇಲೆ ಬ್ಯಾಂಡ್ ಕಲಿಸುವವರ ಕಣ್ಣು ಬೇಗ ಬೀಳುತ್ತದೆ. ಆದರೆ ಅಲ್ಲಿ ಕೋಲು ಹಿಡಿದು ಬಾರಿಸುವುದು, ಕೆಲಸವೆಲ್ಲ ಮಣಿಕಟ್ಟಿನದು. ತಬಲಾದ ಬೆರಳುಗಾರಿಕೆಗೆ ಅದರಿಂದ ಏನೂ ಸೇರುವುದಿಲ್ಲ. ಕೋಲಿನ ಬಿಗಿ ಹಿಡಿತ ರೂಢಿಯಾದರೆ ‘ತಿರಕಿಟ’ದಂಥ ಬೋಲಿಗೆ (ತಬಲಾದ ನುಡಿಗೆ) ಬೇಕಾದ ಸಡಿಲ ಕೈ ಕೆಡುತ್ತದೆಯೇ ಎಂಬುದನ್ನು ಗುರುಗಳನ್ನೇ ಕೇಳಿ, ಅವರು ಒಪ್ಪಿದರೆ ಮಾತ್ರ ಸೇರಲಿ. ಕೈಯಿಂದ ತಾಳ ಹಾಕುತ್ತ ಬಾಯಲ್ಲಿ ಬೋಲ್ ಹೇಳುವುದನ್ನು ಮಾತ್ರ ಬಿಡಿಸಬೇಡಿ. ಅದಕ್ಕೆ ವಾದ್ಯ ಬೇಡ, ಜಾಗ ಬೇಡ, ಸ್ನಾನದ ಸಾಲಿನಲ್ಲಿ ನಿಂತೂ ಮಾಡಬಹುದು.

ಜೂನಿಯರ್ ಪರೀಕ್ಷೆಯನ್ನು ಒಂದೆರಡು ವರ್ಷ ಮುಂದೂಡಿದರೆ ನಷ್ಟವಿಲ್ಲ. ಸೀಟು ಖಚಿತವಾದ ದಿನವೇ ಶಾಲೆಯಿಂದ ರಜೆಯ ಪಟ್ಟಿ ಪಡೆದು ಗುರುಗಳ ಕೈಗೆ ಕೊಡಿ, ರಜೆಯ ದಿನಗಳಲ್ಲಿ ಪಾಠಕ್ಕೆ ಹೊತ್ತು ಕಾದಿರಿಸಿಕೊಳ್ಳಲಿ. ಮತ್ತು ಅವನು ಸುಮ್ಮನಾದ ಎಂದಿರಲ್ಲ, ನಿರ್ಧಾರ ಮಾಡುವ ಮೊದಲು ಆ ಮೌನದ ಕಾರಣವನ್ನು ಅವನ ಬಾಯಿಂದಲೇ ಕೇಳಿಸಿಕೊಳ್ಳಿ. ಗುರುಗಳ ಎದುರಿಗೆ ಕೇಳಿದರೆ ಇನ್ನೂ ಒಳ್ಳೆಯದು.