ಸಹಾಯ ಬೇಕು: ದೆಹಲಿಯಲ್ಲಿ ಅಪ್ಪನನ್ನು ಮೆಟ್ರೋದಲ್ಲಿ ಕರೆದೊಯ್ಯುವುದು ಹೇಗೆ?

ದೆಹಲಿಯಲ್ಲಿರುವ ಕನ್ನಡಿಗರಿಗೆ ನಮಸ್ಕಾರ. ಮುಂದಿನ ತಿಂಗಳು ಅಪ್ಪ, ಅಮ್ಮನೊಂದಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ನವದೆಹಲಿಗೆ ಬರುತ್ತಿದ್ದೇನೆ. ಅಪ್ಪನಿಗೆ ಎಪ್ಪತ್ತೆರಡು, ಮೊಣಕಾಲು ನೋವು. ಕೆಂಪು ಕೋಟೆಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನಗಳ ಆಸೆ.

ಹಿಂದೊಮ್ಮೆ ಒಬ್ಬನೇ ಬಂದಾಗ ನಿಲ್ದಾಣದಲ್ಲಿ ಪಹಾಡ್‌ಗಂಜ್ ಕಡೆಗೆ ಇಳಿದುಬಿಟ್ಟಿದ್ದೆ. ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ ಎಂದು ತಿಳಿದ ಮೇಲೆ, ತುಂಬಿದ ಚೀಲ ಹೆಗಲಿಗೇರಿಸಿ, ಎದುರು ನುಗ್ಗುವ ಜನರ ನಡುವೆ ಮೇಲ್ಸೇತುವೆ ಹತ್ತಿ ದಾಟಿದೆ. ಅಪ್ಪನಿಗೆ ಆ ಪಾಡು ಬರಬಾರದು. ಅಜ್ಮೇರಿ ಗೇಟ್ ಕಡೆಗೆ ಹೋಗಲು ಮೆಟ್ಟಿಲಿಲ್ಲದ ದಾರಿ ಇದೆಯೇ? ಲಿಫ್ಟ್ ಯಾವ ಪ್ಲಾಟ್‌ಫಾರಂ ಹತ್ತಿರ?

ಕೋಟೆಗೆ ಹಳದಿ ಮಾರ್ಗದಲ್ಲಿ ಚಾಂದನಿ ಚೌಕದಲ್ಲಿ ಇಳಿದು ನಡೆಯಬಹುದು. ಆ ನೂಕುನುಗ್ಗಲು ಅವರಿಂದ ಆಗದು. ಹಾಗಾಗಿ ಮುಂದಿನ ಕಾಶ್ಮೀರಿ ಗೇಟ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ಅಲ್ಲಿಂದ ಮೊದಲ ನಿಲ್ದಾಣವಾದ ಲಾಲ್ ಕಿಲಾದಲ್ಲಿ (ಕೆಂಪು ಕೋಟೆ) ಇಳಿಯೋಣ ಎಂದುಕೊಂಡಿದ್ದೇನೆ. ಕಾಶ್ಮೀರಿ ಗೇಟ್‌ನಲ್ಲಿ ಮೂರು ಮಾರ್ಗಗಳು ಸೇರುತ್ತವೆ. ಅಲ್ಲಿ ಎಷ್ಟು ನಡೆಯಬೇಕಾಗುತ್ತದೆ ಎಂಬುದೇ ನನ್ನ ಚಿಂತೆ. ಹಿರಿಯರನ್ನು ಈ ದಾರಿಯಲ್ಲಿ ಕರೆದೊಯ್ದವರು ದಯವಿಟ್ಟು ತಿಳಿಸಿ. ಸೋಮವಾರ ಕೋಟೆಗೆ ರಜೆ, ಆದ್ದರಿಂದ ಮಂಗಳವಾರ ಬೆಳಿಗ್ಗೆಯೇ ಹೊರಡುತ್ತೇವೆ.

ಅಮ್ಮನಿಗೆ ಹಿಂದಿ ಬಾರದು. ಗುಂಪಿನಲ್ಲಿ ಕೈತಪ್ಪಿದರೆ ತೋರಿಸಲೆಂದು ನಮ್ಮ ವಸತಿಯ ವಿಳಾಸವನ್ನು ಹಿಂದಿಯಲ್ಲಿ ಬರೆದು ಅವರ ಪರ್ಸಿನಲ್ಲಿಡುತ್ತೇನೆ. ಅದರಲ್ಲಿ ಇನ್ನೇನು ಬರೆಯಬೇಕು?