ನಮ್ಮ ಟೌನಲ್ಲಿ ಫಾರ್ಮ್‌ಫುಡ್ಸ್ ಓಪನ್ ಆಗ್ತಿದೆ, ನಮ್ಮ ಅಡುಗೆಗೆ ಅಲ್ಲಿ ಏನೇನು ತಗೋಬಹುದು?

ತುಮಕೂರು_ವಿಲ್ಟ್‌ಶರ್

ಎಲ್ರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಸ್ವಿಂಡನ್‌ನಿಂದ ಸ್ವಲ್ಪ ಆಚೆ ಒಂದು ಚಿಕ್ಕ ಟೌನಲ್ಲಿ. 2023ರಲ್ಲಿ ವಿಲ್ಕೊ ಅನ್ನೋ ಮನೆ ಸಾಮಾನಿನ ಅಂಗಡಿಗಳು ಮುಚ್ಚಿದ್ಮೇಲೆ ಇಲ್ಲಿನ ಹೈಸ್ಟ್ರೀಟಲ್ಲಿದ್ದ ಅವರ ಅಂಗಡಿ ಖಾಲಿ ಬಿದ್ದಿತ್ತು, ಈಗ ಅಲ್ಲಿ ಫಾರ್ಮ್‌ಫುಡ್ಸ್ ಅನ್ನೋ ಫ್ರೋಜನ್ ಸಾಮಾನಿನ ಅಂಗಡಿಯವರು ಬೋರ್ಡ್ ಹಾಕಿದಾರೆ, ಮುಂದಿನ ತಿಂಗಳು ಓಪನಿಂಗ್ ಅಂತೆ, ಮನೆ ಬಾಗಿಲಿಗೆ ಡಿಸ್ಕೌಂಟ್ ವೋಚರ್ ಚೀಟಿನೂ ಬಂತು. ಪಕ್ಕದ ಮನೆಯವರೆಲ್ಲ ತುಂಬಾ ಖುಷಿಯಾಗಿದಾರೆ. ನಮ್ದು ಪೂರ್ತಿ ವೆಜ್ ಮನೆ, ಮೊಟ್ಟೆನೂ ತಿನ್ನಲ್ಲ, ಎರಡು ಚಿಕ್ಕ ಮಕ್ಳು, ಇಂಡಿಯನ್ ಸ್ಟೋರ್‌ಗೆ ಹೋಗ್ಬೇಕಂದ್ರೆ ಕಾರ್ ತೆಗೀಬೇಕು, ತರಕಾರಿ ರೇಟಂತೂ ಎರಡು ವರ್ಷದಲ್ಲಿ ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು. ಅದಕ್ಕೆ ಕೇಳ್ತಿದೀನಿ, ಇಂಥ ಫ್ರೋಜನ್ ಅಂಗಡೀಲಿ ನಮ್ಮ ಸಾರು, ಪಲ್ಯ, ಸಾಗುಗೆ ಆಗೋ ಅಂಥದ್ದು ಏನಾದ್ರೂ ಸಿಗುತ್ತಾ? ಬಾಡಿಗೆ ಮನೆ, ಫ್ರಿಜ್ ಕೆಳಗೆ ಮೂರು ಡ್ರಾಯರ್ ಫ್ರೀಜರ್ ಅಷ್ಟೇ, ಅದ್ರಲ್ಲಿ ತೆಂಗಿನತುರಿ, ನುಗ್ಗೆಕಾಯಿ, ಪರೋಟ ಆಗ್ಲೇ ತುಂಬಿದೆ, ಇನ್ನೊಂದು ಫ್ರೀಜರ್ ತಗೊಂಡು ಗ್ಯಾರೇಜಲ್ಲಿ ಇಟ್ಕೊಳೋದು ಲೆಕ್ಕಕ್ಕೆ ಬರುತ್ತಾ? ಇನ್ನೊಂದು ವಿಷ್ಯ, ತಿಪಟೂರಿಂದ ಅತ್ತೆ ಮಾವ ಬರ್ತಿದಾರೆ, ಆರು ತಿಂಗಳು ಇರ್ತಾರೆ, ಅತ್ತೆಗೆ ಐಸಲ್ಲಿಟ್ಟ ತರಕಾರಿ ಅಂದ್ರೆ ತಂಗಳು ಅನ್ನೋ ಭಾವನೆ. ಅವರಿಗೆ ಏನು ಹೇಳ್ಲಿ? ದಯವಿಟ್ಟು ಗೊತ್ತಿರೋರು ಹೇಳಿ.

ಲೆಸ್ಟರ್_ಅಕ್ಕ

ಖಂಡಿತ ಹೋಗಿಮ್ಮ. ಆದ್ರೆ ಒಳಗೆ ಕಾಲಿಟ್ಟ ತಕ್ಷಣ ಕಾಣೋದು ಪಿಜ್ಜಾ, ಚಿಪ್ಸ್, ನಗೆಟ್ಸ್, ಐಸ್‌ಕ್ರೀಮು, ಅದನ್ನೆಲ್ಲ ದಾಟ್ಕೊಂಡು ಸೀದಾ ತರಕಾರಿ ಫ್ರೀಜರ್ ಹತ್ರ ಹೋಗ್ಬಿಡಿ. ನಮಗೆ ಅಲ್ಲಿ ನಿಜವಾಗ್ಲೂ ಲಾಭ ಇರೋದು ಏನೂ ಮಾಡದೆ ಬರೀ ತೊಳೆದು ಹೆಚ್ಚಿ ಫ್ರೀಜ್ ಮಾಡಿರೋ ತರಕಾರಿ, ಹಣ್ಣಲ್ಲಿ ಮಾತ್ರ.

ಮೊದಲನೇದು ಬಟಾಣಿ, ಕಣ್ಮುಚ್ಕೊಂಡು ತಗೊಳಿ. ಅತ್ತೆಯವರಿಗೆ ಹೇಳೋಕೂ ಇದೇ ಸರಿಯಾದ ಉದಾಹರಣೆ. ಬಟಾಣಿ ಕಿತ್ತ ಗಳಿಗೆಯಿಂದ ಅದರ ಸಿಹಿ ಪಿಷ್ಟ ಆಗ್ತಾ ಹೋಗುತ್ತೆ, ಅದಕ್ಕೆ ಲಿಂಕನ್‌ಶರ್, ಯಾರ್ಕ್‌ಶರ್ ಕಡೆ ಬೇಸಿಗೇಲಿ ಹೊಲದಿಂದ ಕೊಯ್ದು ಕೆಲವೇ ಗಂಟೆಯೊಳಗೆ ಬಿಸಿನೀರಲ್ಲಿ ಒಂದ್ಸಲ ಅದ್ದಿ ತೆಗೆದು ಫ್ರೀಜ್ ಮಾಡಿಬಿಡ್ತಾರೆ, ಅಂಗಡೀಲಿ ನಾಲ್ಕು ದಿನ ಬಾಡಿದ ಕಾಯಿಗಿಂತ ಅದೇ ಎಷ್ಟೋ ತಾಜಾ. ಬಿಸಿನೀರಲ್ಲಿ ಅದ್ದಿರೋದ್ರಿಂದ ಅರ್ಧ ಬೆಂದೇ ಇರುತ್ತೆ, ಕುಕ್ಕರಲ್ಲಿ ಮೊದಲೇ ಹಾಕಿದ್ರೆ ಕರಗಿ ಹೋಗುತ್ತೆ, ಪಲಾವ್ ಆಗ್ಲಿ ಉಪ್ಪಿಟ್ಟಾಗ್ಲಿ ಕೊನೇಲಿ ಹಾಕಿ. ಪಾಲಕ್ ಉಂಡೆ ಉಂಡೆಯಾಗಿ ಬರುತ್ತೆ, ಮಸ್ಸೊಪ್ಪಿಗೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ, ತೊಗರಿಬೇಳೆ ಬೆಂದ್ಮೇಲೆ ನಾಲ್ಕು ಉಂಡೆ ಹಾಕಿ ಮಸೆದ್ರೆ ಮುಗೀತು. ಬಟಾಣಿ, ಕ್ಯಾರೆಟ್, ಬೀನ್ಸ್, ಜೋಳ ಸೇರಿಸಿರೋ ಮಿಕ್ಸ್ ಪ್ಯಾಕೆಟ್ ಸಾಗು, ಬಾತ್‌ಗೆ ಚೆನ್ನಾಗಿರುತ್ತೆ.

ಇನ್ನು ಬೇಡದ್ದು. ಬರೀ ಬೀನ್ಸ್ ಪಲ್ಯ ಮಾಡೋಕೆ ಹೋಗ್ಬೇಡಿ, ನೀರು ಬಿಟ್ಕೊಂಡು ಮೆತ್ತಗಾಗುತ್ತೆ, ಸಾಂಬಾರಿಗೆ ಆಗುತ್ತೆ. ಹೂಕೋಸೂ ಅಷ್ಟೇ, ಕುರ್ಮಾಗೆ ಸರಿ, ಗೋಬಿ ಮಂಚೂರಿಗೆ ಆಗಲ್ಲ. ಬೆಂಡೆಕಾಯಿ ಎಲ್ಲಾದ್ರೂ ಸಿಕ್ರೆ ಕರಗಿಸ್ದೆ ಹಾಗೇ ದೊಡ್ಡ ಉರೀಲಿ ಹುರೀಬೇಕು, ಕರಗಿದ್ರೆ ಬರೀ ಲೋಳೆ.

ಅವರೆಕಾಳು ಮಾತ್ರ ಅಲ್ಲಿ ಹುಡುಕಬೇಡಿ. ಅದಕ್ಕೆ ಗುಜರಾತಿ ಅಂಗಡಿಗೇ ಹೋಗ್ಬೇಕು, ಸುರ್ತಿ ಪಾಪ್ಡಿ ಲಿಲ್ವಾ ಅಂತ ಬರೆದಿರೋ ಪ್ಯಾಕೆಟ್ಟು, ನಮ್ಮ ಲೆಸ್ಟರಲ್ಲಿ ರಾಶಿ ಸಿಗುತ್ತೆ. ತುವರ್ ಲಿಲ್ವಾ ಅಂದ್ರೆ ಹಸಿ ತೊಗರಿಕಾಳು, ಅದೂ ಒಂದು ತಂದಿಟ್ಕೊಳಿ. ತೀರಾ ಆಸೆಯಾದಾಗ ನಾನು ಇಲ್ಲಿನ ಬ್ರಾಡ್ ಬೀನ್ಸ್ ಕುದಿಸಿ ಸಿಪ್ಪೆ ಹಿಸುಕಿ ತೆಗೆದು ಹಿತಕಿದ ಬೇಳೆ ಥರ ಮಾಡ್ತೀನಿ, ಮೆತ್ತನೆತನ ಹಾಗೇ ಬರುತ್ತೆ, ಸೊಗಡು ಬರಲ್ಲ.

ಶೆಫೀಲ್ಡ್_ಎಂಎಸ್ಸಿ

ನಾನು ಓದ್ತಾ ಓದ್ತಾ ಇಂಥದ್ದೇ ಒಂದು ಫ್ರೋಜನ್ ಅಂಗಡೀಲಿ ವೀಕೆಂಡ್ ಕೆಲಸ ಮಾಡ್ತೀನಿ, ಸೋ ಒಳಗಿನವನಾಗಿ ಸ್ವಲ್ಪ ಹೇಳ್ತೀನಿ.

ಮೇಲೆ ತೆರೆದಿರೋ ಉದ್ದದ ಫ್ರೀಜರ್‌ಗಳಲ್ಲಿ ಒಳಗಡೆ ಒಂದು ಗೆರೆ ಇರುತ್ತೆ, ಸಾಮಾನು ಅದಕ್ಕಿಂತ ಮೇಲೆ ಬರಬಾರದು, ಗೆರೆ ಮೀರಿ ರಾಶಿ ಹಾಕಿದ್ರೆ ಮೇಲಿನ ಪ್ಯಾಕೆಟ್ ಬಿಟ್ಟು ಕೆಳಗಿಂದು ತಗೊಳಿ. ಪ್ಯಾಕೆಟ್ ಕೈಯಲ್ಲಿ ಹಿಡ್ಕೊಂಡು ಅಲ್ಲಾಡಿಸಿ, ಬಟಾಣಿ ಬಿಡಿಬಿಡಿಯಾಗಿ ಓಡಾಡ್ಬೇಕು, ಒಂದೇ ಗಟ್ಟಿ ಆಗಿದ್ರೆ ಎಲ್ಲೋ ಒಂದ್ಸಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಅದನ್ನ ಅಲ್ಲೇ ಬಿಡಿ.

ರೇಟ್ ನೋಡೋವಾಗ ದೊಡ್ಡಕ್ಷರದ ಬೆಲೆ ನೋಡ್ಬೇಡಿ, ಲೇಬಲ್ ಮೇಲೆ ಸಣ್ಣದಾಗಿ ಕೆಜಿಗೆ ಎಷ್ಟು ಅಂತ ಇರುತ್ತಲ್ಲ ಅದನ್ನ ನೋಡಿ. ಎಲ್ಲವೂ ಅಗ್ಗ ಇರಲ್ಲ, ಪ್ಯಾಕೆಟ್ ಸೈಜ್ ಬೇರೆ ಬೇರೆ ಇರೋದ್ರಿಂದ ಆಲ್ಡಿ, ಲಿಡಲ್ ಥರದ ಅಗ್ಗದ ಸೂಪರ್‌ಮಾರ್ಕೆಟ್ ರೇಟ್ ಜೊತೆ ಹೋಲಿಸ್ಬೇಕಂದ್ರೆ ಅದೊಂದೇ ದಾರಿ. ವೋಚರ್ ಇಷ್ಟು ಪೌಂಡಿಗೆ ಮೇಲೆ ತಗೊಂಡ್ರೆ ಇಷ್ಟು ಕಮ್ಮಿ ಅಂತ ಇರುತ್ತೆ, ಆ ಮೊತ್ತ ಮುಟ್ಟಿಸೋಕೆ ಅಂತಾನೇ ಎರಡು ಡಬ್ಬ ಐಸ್‌ಕ್ರೀಮ್ ಹಾಕ್ಕೊಂಡ್ರೆ ಉಳಿದಿದ್ದು ಅಲ್ಲೇ ಹೋಯ್ತು, ಅದೂ ಐಸ್‌ಕ್ರೀಮ್ ಮೇಲೆ 20% ವ್ಯಾಟ್ ಬೇರೆ ಇದೆ, ತರಕಾರಿ ಮೇಲೆ ವ್ಯಾಟ್ ಸೊನ್ನೆ. ಪಕ್ಕದ ಮನೆಯವರ ಜೊತೆ ಸೇರ್ಕೊಂಡು ಒಂದೇ ಬಿಲ್ ಮಾಡ್ಸಿ, ನಮ್ಮ ಅಂಗಡೀಲಿ ಹಾಗೆ ಹಂಚ್ಕೊಳೋರು ತುಂಬಾ ಜನ ಬರ್ತಾರೆ. ಮೂರು ತಗೊಂಡ್ರೆ ಇಷ್ಟು ಅನ್ನೋ ಆಫರ್ ಇಂಗ್ಲೆಂಡಲ್ಲಿ 2025ರ ಅಕ್ಟೋಬರ್‌ನಿಂದ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ಪಿಜ್ಜಾ ಥರದ ಐಟಂಗಳಿಗೆ ಕೊಡೋ ಹಾಗಿಲ್ಲ ಅಂತ ರೂಲ್ ಬಂದಿದೆ, ಬರೀ ತರಕಾರಿಗೆ ಆ ಅಡ್ಡಿ ಇಲ್ಲ.

ಅಂದ ಹಾಗೆ ಈ ಅಂಗಡಿಗಳ ಕಥೆ ನಂಗೆ ತುಂಬಾ ಇಷ್ಟ. ಫಾರ್ಮ್‌ಫುಡ್ಸ್ ಸ್ಕಾಟ್ಲೆಂಡಿಂದು, 1955ರಲ್ಲಿ ಅಬರ್ಡೀನ್‌ನಲ್ಲಿ ಮಾಂಸದ ವ್ಯಾಪಾರವಾಗಿ ಶುರುವಾಗಿದ್ದು. ಐಸ್‌ಲ್ಯಾಂಡ್ ಅನ್ನೋ ಇನ್ನೊಂದು ಫ್ರೋಜನ್ ಅಂಗಡಿ 1970ರಲ್ಲಿ ಆಸ್ವೆಸ್ಟ್ರಿ ಅನ್ನೋ ಪುಟ್ಟ ಊರಲ್ಲಿ ಶುರುವಾಯ್ತು, ಆಗ ಪ್ಯಾಕೆಟ್ಟೇ ಇರ್ಲಿಲ್ಲ, ಫ್ರೀಜರಿಂದ ಬಿಡಿ ಬಿಡಿಯಾಗಿ ತೂಕ ಹಾಕಿ ಕೊಡ್ತಿದ್ರು, ಜನಕ್ಕೆ ಎಷ್ಟು ಬೇಕೋ ಅಷ್ಟೇ. ದೊಡ್ಡ ಸಿಟಿಗಳಿಗಿಂತ ಇಂಥ ಟೌನ್‌ಗಳ ಜನಾನೇ ಇವನ್ನ ಬೆಳೆಸಿದ್ದು ಅನ್ಸುತ್ತೆ.

ಕುಡ್ಲದ_ಮೀನು

ವೆಜ್‌ನವರು ಕೇಳಿದ್ದು ಅಂತ ಗೊತ್ತುಂಟು, ಆದ್ರೂ ಓದುವ ಬೇರೆಯವರಿಗೆ ಆಗ್ತದೆ ಅಂತ ಬರೀತೇನೆ. ಮಾರಾಯ್ರೆ, ಇಂಥ ಅಂಗಡಿಯಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ನಿರೀಕ್ಷೆ ಮಾಡ್ಬೇಡಿ, ಅದಕ್ಕೆ ಬಾಂಗ್ಲಾದೇಶಿ ಇಲ್ಲ ಶ್ರೀಲಂಕಾದವರ ಅಂಗಡಿಯೇ ಆಗ್ಬೇಕು. ಇಲ್ಲಿ ಸಿಗುವುದು ಹೆಚ್ಚಾಗಿ ಬ್ರೆಡ್ ಪುಡಿ ಹಚ್ಚಿದ ಮೀನು, ಅದರೊಟ್ಟಿಗೆ ಪೊಲಾಕ್, ಬಾಸಾ ಅಂಥ ಬಿಳಿ ಮೀನಿನ ತುಂಡು. ಬಾಸಾಕ್ಕೆ ಸ್ವಂತ ರುಚಿ ಕಡಿಮೆ, ಮಸಾಲೆ ಚೆನ್ನಾಗಿ ಹಿಡೀತದೆ, ರವಾ ಫ್ರೈಗೆ ತೊಂದ್ರೆ ಇಲ್ಲ, ಆದ್ರೆ ಪುಳಿಮುಂಚಿಗೆ, ಅಂದ್ರೆ ನಮ್ಮ ಹುಳಿ ಖಾರದ ಮೀನು ಸಾರಿಗೆ, ಹಾಕಿದ್ರೆ ಒಡೆದು ಹೋಗ್ತದೆ. ಸಿಗಡಿ ತೆಗೊಳ್ಳುವಾಗ ನೆಟ್ ವೆಯ್ಟ್ ನೋಡಿ, ಅದಕ್ಕೆ ಮೇಲಿಂದ ಐಸ್ ಪದರ ಹಾಕಿರ್ತಾರೆ, ಐಸ್ ಬಿಟ್ಟು ಎಷ್ಟು ಅಂತ ಪ್ಯಾಕೆಟಿನಲ್ಲಿ ಬರೆದೇ ಇರ್ತದೆ. ಕೋಳಿ ಎದೆ ತುಂಡಿನ ಕೆಲವು ಪ್ಯಾಕೆಟಿನಲ್ಲಿ ನೀರು ಸೇರಿಸಿದ್ದು ಅಂತ ಸಣ್ಣಕ್ಷರದಲ್ಲಿ ಉಂಟು, ಸುಕ್ಕಕ್ಕೆ ಅದು ಬೇಡ, ನೀರು ಆರುವಷ್ಟರಲ್ಲಿ ಮಾಂಸ ರಬ್ಬರ್.

ಧಾರವಾಡ_ಮಂದಿ

ಫ್ರೀಜರ್ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನ್ರಿ. ಗ್ಯಾರೇಜ್‌ನ್ಯಾಗ ಇಡೋದಾದ್ರ ಸುಮ್ನ ಯಾವುದರ ಸೆಕೆಂಡ್ ಹ್ಯಾಂಡ್ ತರಬ್ಯಾಡ್ರಿ. ಫ್ರಿಜ್ ಫ್ರೀಜರ್ ಎರಡೂ ಕೂಡಿದ್ದಂತೂ ಬ್ಯಾಡೇ ಬ್ಯಾಡ, ಚಳಿಗಾಲದಾಗ ಗ್ಯಾರೇಜ್ ಬಾಳ ತಣ್ಣಗ ಆದಾಗ ಫ್ರಿಜ್‌ನ ಥರ್ಮೋಸ್ಟಾಟ್ ಸಾಕಷ್ಟು ತಂಪು ಐತಿ ಅಂತ ತಿಳ್ಕೊಂಡು ಮೋಟರ್ ನಡಸೂದ ಬಿಡತೈತಿ, ಆಗ ಫ್ರೀಜರ್‌ನ್ಯಾಗಿಂದು ಕರಗತೈತಿ. ಫ್ರೀಜರ್ ಜೋಡಿ ಬರೂ ಪೇಪರ್‌ನ್ಯಾಗ ಕ್ಲೈಮೇಟ್ ಕ್ಲಾಸ್ ಅಂತ ಇರತೈತಿ, ಎಸ್‌ಎನ್ ಅಂದ್ರ ಸುತ್ತಲಿನ ಗಾಳಿ 10 ಡಿಗ್ರಿಗಿಂತ ತಣ್ಣಗ ಆಗಬಾರದು, ಇಲ್ಲಿ ಜನವರಿಗೆ ಅದು ಸಾಲಂಗಿಲ್ಲ. ಗ್ಯಾರೇಜ್‌ಗೆ ಆಗತೈತಿ ಅಂತ ಕಂಪನಿಯವರ ಬರದಿದ್ದು ಅದಾವು, ಅಂಥಾದ್ದ ನೋಡ್ರಿ.

ಕರೆಂಟ್ ಲೆಕ್ಕ ಹಿಂಗ ಹಾಕ್ರಿ, ಲೇಬಲ್ ಮ್ಯಾಲ ವರ್ಷಕ್ಕ 200 ಯೂನಿಟ್ ಅಂತ ಇದ್ರ, ಯೂನಿಟ್‌ಗೆ 25 ಪೆನ್ಸ್ ಹಿಡದ್ರೂ 50 ಪೌಂಡ್ ಆತು, ಮ್ಯಾಲ ಫ್ರೀಜರ್ ರೊಕ್ಕ ಬ್ಯಾರೆ. ತರಕಾರಿ ಮ್ಯಾಲ ವರ್ಷಕ್ಕ ಅದಕ್ಕಿಂತ ಜಾಸ್ತಿ ಉಳಿತೈತೇನು ಅನ್ನೂದು ನಿಮ್ಮ ಮನಿ ಲೆಕ್ಕ. ನನ್ನ ಕೇಳಿದ್ರ ಬಾಡಿಗಿ ಮನ್ಯಾಗ ಮೊದಲ ಇದ್ದ ಮೂರು ಡ್ರಾಯರ್ ಸರಿ ಮಾಡ್ರಿ. ರಟ್ಟಿನ ಡಬ್ಬಿ ಎಲ್ಲಾ ಒಗೀರಿ, ತರಕಾರಿ ಚೀಲ ಚಪ್ಪಟಿ ಮಾಡಿ ಪುಸ್ತಕದಂಗ ನಿಂದ್ರಿಸಿ ಇಡ್ರಿ, ಬಾಳ ಜಾಗ ಸಿಗತೈತಿ. ಬರಫ್ ದಪ್ಪ ಕಟ್ಟಿದ್ರ ಅದನ್ನ ತಗೀರಿ, ಅದ ಅರ್ಧ ಡ್ರಾಯರ್ ತಿಂದಿರತೈತಿ.

ಶನಿವಾರದ_ಸಂತೆ

ಎಲ್ರೂ ಹೋಗಿ ಹೋಗಿ ಅಂತಿದೀರ, ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮ ಟೌನಲ್ಲಿ ವಾರಕ್ಕೊಮ್ಮೆ ಮಾರ್ಕೆಟ್ ಸ್ಕ್ವೇರಲ್ಲಿ ತರಕಾರಿ ಹಾಕೋ ಒಬ್ಬ ಅಜ್ಜ ಇದಾರೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಹೋದ್ರೆ ಒಂದು ಬೋಗುಣಿ ಮೆಣಸಿನಕಾಯಿ, ಒಂದು ಬೋಗುಣಿ ಬದನೆಕಾಯಿ ಅಂತ ಅಳೆದು ಕೊಡ್ತಾರೆ, ಫ್ರೋಜನ್‌ಗಿಂತ ಕಮ್ಮಿ ಬೀಳುತ್ತೆ ಎಷ್ಟೋ ಸಲ. ನಾವು ಹೊಸಬರಾಗಿ ಬಂದಾಗ ಈ ಊರಲ್ಲಿ ನಮ್ಮನ್ನ ಮೊದಲು ಮಾತಾಡ್ಸಿದ್ದೂ ಅವರೇ, ಕೊತ್ತಂಬರಿ ಕಟ್ಟು ನಮಗೋಸ್ಕರ ತೆಗೆದಿಟ್ಟಿರೋರು. ಬೀನ್ಸ್ ಪಲ್ಯಕ್ಕೆ ಫ್ರೋಜನ್ ಆಗಲ್ಲ ಅಂತ ಅಕ್ಕನೇ ಹೇಳಿದಾರಲ್ಲ, ಬೀನ್ಸ್, ಬದನೆಕಾಯಿ, ಮೂಲಂಗಿ ಅಷ್ಟಾದ್ರೂ ಮಾರ್ಕೆಟಲ್ಲೇ ತಗೊಳಿ, ನಾವ್ಯಾರೂ ಹೋಗದೆ ಇದ್ರೆ ಆ ಟೇಬಲ್ ಅಲ್ಲಿ ಇರಲ್ಲ. ನಿಮ್ಮ ಅಂಗಡಿ ಹೈಸ್ಟ್ರೀಟಲ್ಲೇ ಬರ್ತಿರೋದು ಒಳ್ಳೇದೇ ಆಯ್ತು, ನಮ್ಮಲ್ಲಿ ರೀಟೇಲ್ ಪಾರ್ಕಲ್ಲಿ ಹಾಕಿದ್ರು, ಕಾರಿಲ್ಲದ ವಯಸ್ಸಾದೋರು ಐಸ್ ಕರಗೋದ್ರೊಳಗೆ ಬಸ್ಸಲ್ಲಿ ಮನೆ ಮುಟ್ಟೋದು ಹೇಗೆ ಹೇಳಿ, ಕಮ್ಮಿ ಬೆಲೆ ಬೇಕಾಗಿರೋದೇ ಅವರಿಗೆ.

ತುಮಕೂರು_ವಿಲ್ಟ್‌ಶರ್

ಅಬ್ಬ ಎಷ್ಟು ವಿಷ್ಯ ಗೊತ್ತಾಯ್ತು, ಎಲ್ರಿಗೂ ತುಂಬಾ ಥ್ಯಾಂಕ್ಸ್. ಗ್ಯಾರೇಜ್ ಫ್ರೀಜರ್ ಸದ್ಯಕ್ಕೆ ಬೇಡ ಅಂತ ಮಾಡಿದ್ವಿ, ಧಾರವಾಡದವರು ಹೇಳಿದ ಹಾಗೆ ಪರೋಟ ರಟ್ಟಿನ ಡಬ್ಬಿ ತೆಗೆದಿದ್ದಕ್ಕೇ ಒಂದು ಡ್ರಾಯರ್ ಅರ್ಧ ಖಾಲಿ ಆಯ್ತು. ನಮ್ಮಲ್ಲೂ ಶುಕ್ರವಾರ ಮಾರ್ಕೆಟ್ ಇದೆ, ಬೀನ್ಸ್, ಸೊಪ್ಪು ಅಲ್ಲೇ ತಗೋತೀನಿ. ಇನ್ನೊಂದೇ ಪ್ರಶ್ನೆ, ಮಕ್ಳು ಸ್ಕೂಲಲ್ಲಿ ನೋಡಿ ವೆಜ್ ಸಾಸೇಜ್, ಹ್ಯಾಶ್ ಬ್ರೌನ್ ಅಂತ ಕೇಳ್ತಾವೆ, ಅತ್ತೆ ಇರೋವಾಗ ಮನೇಲಿ ಮೊಟ್ಟೆ ಇರೋದು ಏನೂ ಬರಬಾರದು, ಪ್ಯಾಕೆಟ್ ಮೇಲೆ ವೆಜಿಟೇರಿಯನ್ ಅಂತ ಇದ್ರೆ ಸಾಕಲ್ವಾ?

ಲೆಸ್ಟರ್_ಅಕ್ಕ

ಸಾಲಲ್ಲಮ್ಮ, ಇದು ತುಂಬಾ ಮುಖ್ಯ, ಚೆನ್ನಾಗಿ ನೋಡ್ಕೊಳಿ. ನಮ್ಮೂರಲ್ಲಿ ಹಸಿರು ಚುಕ್ಕೆ ಇದ್ರೆ ಮೊಟ್ಟೆ ಇಲ್ಲ ಅಂತ ಅರ್ಥ, ಇಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಇರಬಹುದು. ಮಾಂಸದ ಬದಲಿಗೆ ಅಂತ ಮಾರೋ ಕ್ವಾರ್ನ್ ಬ್ರ್ಯಾಂಡಲ್ಲೂ ಎಷ್ಟೋ ಐಟಂಗಳಿಗೆ ಮೊಟ್ಟೆ ಬಿಳಿ ಹಾಕ್ತಾರೆ, ಯಾರ್ಕ್‌ಶರ್ ಪುಡಿಂಗ್ ಅಂತೂ ಮೊಟ್ಟೆಯಿಂದಲೇ ಆಗೋದು. ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟೀಲಿ ಮೊಟ್ಟೆ, ಹಾಲು, ಗೋಧಿ ಥರ ಅಲರ್ಜಿ ಆಗೋವನ್ನ ದಪ್ಪಕ್ಷರದಲ್ಲೋ ಬೇರೆ ಥರ ಎದ್ದು ಕಾಣೋ ಹಾಗೋ ಹಾಕ್ಲೇಬೇಕು ಅಂತ ಕಾನೂನಿದೆ, ಅಲ್ಲಿ ಎಗ್ ಅಂತ ಇದೆಯಾ ನೋಡಿ. ವೀಗನ್ ಅಂತ ಇದ್ರೆ ಮೊಟ್ಟೆ, ಹಾಲು ಎರಡೂ ಹಾಕಿರಲ್ಲ.

ಮೊಟ್ಟೆ ಬಿಟ್ಟು ಇನ್ನೂ ಕೆಲವು ಇದಾವೆ. ರೋಸ್ಟ್ ಆಲೂಗಡ್ಡೆ, ಕೆಲವು ಚಿಪ್ಸ್ ಬೀಫ್ ಡ್ರಿಪ್ಪಿಂಗಲ್ಲಿ ಮಾಡಿರ್ತಾರೆ, ಅದು ದನದ ಕೊಬ್ಬು, ಆಲೂಗಡ್ಡೆ ತಾನೇ ಅಂತ ಪಟ್ಟಿ ಓದದೆ ತಗೊಳ್ಳೋದು ಬೇಡ. ಚೀಸ್‌ಕೇಕ್, ಮೌಸ್ ಥರದವಲ್ಲಿ ಜೆಲಟಿನ್ ಇರಬಹುದು. ಹ್ಯಾಶ್ ಬ್ರೌನ್ ಸಾಮಾನ್ಯವಾಗಿ ಆಲೂಗಡ್ಡೆ, ಎಣ್ಣೆ, ಈರುಳ್ಳಿ ಅಷ್ಟೇ ಇರುತ್ತೆ, ಆದ್ರೂ ಮೊದಲ ಸಲ ಓದಿ ತಗೊಳಿ. ಮತ್ತೆ ಒಂದ್ಸಲ ಪೂರ್ತಿ ಕರಗಿದ್ದನ್ನ ಹಾಗೇ ವಾಪಸ್ ಫ್ರೀಜರಿಗೆ ಹಾಕ್ಬೇಡಿ, ಬೇಯಿಸಿ ಸಾರೋ ಸಾಗೋ ಮಾಡಿದ್ಮೇಲೆ ಬೇಕಾದ್ರೆ ಇಡಬಹುದು. ಬೇಗ ಕೆಟ್ಟು ಅಪಾಯ ಆಗೋ ಅಂಥ ಐಟಂಗಳಿಗೆ ಯೂಸ್ ಬೈ ತಾರೀಖು ಇರುತ್ತೆ, ಅದನ್ನ ಮೀರಬಾರದು, ಫ್ರೋಜನ್ ತರಕಾರಿ ಮೇಲಿರೋದು ಬೆಸ್ಟ್ ಬಿಫೋರ್, ಫ್ರೀಜರ್ ಮೈನಸ್ 18ರಲ್ಲಿ ಸರಿಯಾಗಿ ಇದ್ದಿದ್ರೆ ಆ ತಾರೀಖು ಸ್ವಲ್ಪ ದಾಟಿದ್ರೂ ಎಸೀಬೇಕಾಗಿಲ್ಲ.

ಅತ್ತೆಯವರನ್ನ ಓಪನಿಂಗ್ ಆದ್ಮೇಲೆ ಒಂದು ದಿನ ಜೊತೇಲೇ ಕರ್ಕೊಂಡು ಹೋಗಿ, ಅವರೇ ನೋಡಿ ಆರಿಸ್ಲಿ. ಮನೆಗೆ ಬಂದು ಬಟಾಣಿ ಹಾಕಿ ಅವರ ಕೈಲೇ ಅಕ್ಕಿ ರೊಟ್ಟಿ ತಟ್ಟಿಸಿ, ಸಬ್ಬಸಿಗೆ ಸೊಪ್ಪು ಇಲ್ಲಿ ಡಿಲ್ ಅಂತ ಸಿಗುತ್ತೆ, ಅದೂ ಒಂದು ಹಿಡಿ ಹಾಕಿ.