ಲೈಡನ್ ಇಲ್ಲದ ಪಿಸ್ಟಲ್ಸ್: ದಾವಣಗೆರೆ ಬ್ಯಾಚ್ ಗ್ರೂಪ್

ಮಂಜು: 📹 ಇಂಗ್ಲೆಂಡಿನ ಪಂಕ್ ರಾಕ್ ತಂಡ ಸೆಕ್ಸ್ ಪಿಸ್ಟಲ್ಸ್, ಲಂಡನ್ನಿನ ಬುಷ್ ಹಾಲ್, ಆಗಸ್ಟ್ 2024. ಹಾಡೋನು ಫ್ರಾಂಕ್ ಕಾರ್ಟರ್. ಪೂರ್ತಿ ನೋಡ್ರಿ, ಆಮೇಲೆ ಬೈರಿ.

ಸಿದ್ದೇಶ: ಮೊದಲಿನ ಗಾಯಕ ಜಾನ್ ಲೈಡನ್ ಇಲ್ದೆ ಎಂಥಾ ಪಿಸ್ಟಲ್ಸ್ ಲೇ? ಕರೋಕೆ ಇದು. 1977ರಲ್ಲಿ ಅವರ ಆಲ್ಬಮ್ ಬಂದಾಗ ಈ ಕಾರ್ಟರ್ ಹುಡುಗ ಹುಟ್ಟೇ ಇರ್ಲಿಲ್ಲ, 1984ರೋನು.

ರೇಖಾ: ಉಳಿದ ಮೂವರೂ ಮೊದಲಿನೋರೇ ಅಲ್ವಾ? ಗಿಟಾರ್ ಸ್ಟೀವ್ ಜೋನ್ಸ್, ಡ್ರಮ್ಸ್ ಪಾಲ್ ಕುಕ್, ಬೇಸ್ ಗ್ಲೆನ್ ಮ್ಯಾಟ್ಲಾಕ್. ಆ ಆಲ್ಬಮ್ಮಿನ 12 ಹಾಡಲ್ಲಿ 10ರ ರಚನೆಗೆ ಮ್ಯಾಟ್ಲಾಕ್ ಹೆಸರೂ ಐತಿ. ಅವನ ಜಾಗಕ್ಕೆ ಬೇಸಿಗೆ ಬಂದು ಟೀ ಶರ್ಟ್ ಮೇಲೆ ಮೆರೆಯೋ ಸಿಡ್ ವಿಷಸ್ ಆ ರೆಕಾರ್ಡಲ್ಲಿ ನುಡಿಸಿದ್ದು ಇಲ್ಲವೇ ಇಲ್ಲ ಅನ್ನೋವಷ್ಟು. ಬೇಸ್ ಬಹುಪಾಲು ಜೋನ್ಸೇ ನುಡಿಸಿದ್ದು.

ಸಿದ್ದೇಶ: ಸಾಹಿತ್ಯ ಲೈಡನ್‌ದು. ಆ ‘ರ್’ ಉರುಳಿಸಿ ಮೂಗಲ್ಲಿ ಎಳೆಯೋದೇ ಹಾಡು.

ನಾಗರಾಜ: ತಂಡದೋರ 1998ರ ಒಪ್ಪಂದದಂತೆ ಬಹುಮತ ನಡೀತತಿ ಅಂತ 2021ರಲ್ಲೇ ಅಲ್ಲಿನ ಹೈಕೋರ್ಟ್ ಹೇಳೇತಿ.

ಸಿದ್ದೇಶ: ಅದು ಟಿವಿ ಸರಣಿಗೆ ಹಾಡು ಕೊಡೋ ಕೇಸಪ್ಪ. ಯಾರು ಹಾಡಬೇಕು ಅಂತ ಕೋರ್ಟ್ ಹೇಳ್ತತೇನು?

ರೇಖಾ: ಚಿಂದೋಡಿಯವರ ಕೆಬಿಆರ್ ನಾಟಕ ಕಂಪನಿ ಇದ್ದ ಊರೋರು ನಾವು. ಪಾತ್ರಧಾರಿ ಬದಲಾದ್ರೆ ಬೋರ್ಡ್ ಇಳಿಸ್ತಿದ್ರಾ?

ಸಿದ್ದೇಶ: ಪಾತ್ರ ಬೇರೆ, ಬರೆದೋನೇ ನಿಂತು ಹಾಡೋದು ಬೇರೆ. ಗಿಟಾರೂ ತೆಳ್ಳಗೆ ಕೇಳ್ತತಿ ನೋಡು.

ರೇಖಾ: ಅದು ಕಾರ್ಟರ್ ತಪ್ಪಾ? ರೆಕಾರ್ಡಲ್ಲಿ ಜೋನ್ಸ್ ಒಂದೇ ಭಾಗವನ್ನ ಮತ್ತೆ ಮತ್ತೆ ನುಡಿಸಿ ಪದರ ಕಟ್ಟಿದಾನೆ. ವೇದಿಕೆ ಮೇಲೆ ಇರೋದು ಒಂದೇ ಗಿಟಾರ್. ಹೊಸ ಗಂಟಲಿಗೆ ಹಾಡು ಕೂರದಿದ್ರೆ ತಂಡಗಳು ಅರ್ಧ ಸ್ವರ ಇಳಿಸ್ತಾರೆ, ಅಲ್ಲಿ ಕೆಡ್ತತಿ. 9-42 ಅಳತೆಯ ತೆಳು ತಂತಿ ಸಡಿಲಾಗಿ ಫ್ರೆಟ್ಟಿಗೆ (ಗಿಟಾರ್ ಕುತ್ತಿಗೆ ಮೇಲಿನ ಲೋಹದ ಪಟ್ಟಿ) ಬಡಿದು ಗುರ್ ಅಂತತಿ. ಲೆಸ್ ಪಾಲ್ ಗಿಟಾರಿನ ತಂತಿಯುದ್ದ 24.75 ಇಂಚೇ, ಇನ್ನೂ ಸಡಿಲ. ದಪ್ಪನೆಯ 10-46 ಹಾಕಬೇಕು, ಬೇಸೂ ಇಳಿಸಬೇಕು, ಆಮೇಲೆ ಶ್ರುತಿ ಹನ್ನೆರಡನೇ ಫ್ರೆಟ್ಟಲ್ಲೂ ಸರಿ ಐತಾ ನೋಡಬೇಕು.

ನಾಗರಾಜ: ಕಾರ್ಟರ್‌ನ ನಿಜವಾದ ತಲೆನೋವು ಸೌಂಡ್ ಮಾಡೋನಿಗೆ. ಜನದೊಳಗೆ ಇಳಿದು ಹಾಡೋನು ಅವನು. ಮೈಕು ಮುಖ್ಯ ಸ್ಪೀಕರ್ ಮುಂದೆ ಬಂದ್ರೆ ಅದರ ಸದ್ದು ಮತ್ತೆ ಮೈಕಿಗೇ ಹೊಕ್ಕು ಕೂಯ್ ಅಂತತಿ. ಅದರ ಮೇಲೆ ಜಾಲರಿ ಗುಂಡನ್ನ ಮುಷ್ಟಿಯಲ್ಲಿ ಹಿಡಿದ್ರೆ ಮುಗೀತು. ಶೂರ್ ಎಸ್ಎಂ58 ಮೈಕು ಹಿಂದಿನ ಸದ್ದು ತಡೆಯೋದೇ ಆ ಗುಂಡಿನೊಳಗಿನ ಕಿಂಡಿಗಳಿಂದ. ಅವು ಮುಚ್ಚಿದ್ರೆ ಸುತ್ತಲಿನ ಗದ್ದಲ ಎಲ್ಲಾ ಒಳಗೆ. ಗಣಪತಿ ಆರ್ಕೆಸ್ಟ್ರಾದೋರು ದನಿ ಕೇಳ್ತಿಲ್ಲ ಅಂತ ವಾಲ್ಯೂಮ್ ಏರಿಸ್ತಾರಲ್ಲ, ತಲೆಕೆಳಗು. ಕೈ ಹಿಡಿಕೆ ಮೇಲಿರಬೇಕು, ಆ ಚಾನೆಲ್ ಸ್ವಲ್ಪ ಇಳಿಸಬೇಕು, ಕಿರುಚೋ ಆವರ್ತನ ಹುಡುಕಿ ಅಷ್ಟೇ ಕತ್ತರಿಸಬೇಕು, ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್ ಒಳಗೆ. ಅಗಲಕ್ಕೆ ಕತ್ತರಿಸಿದ್ರೆ ಮಾತೇ ಅರ್ಥ ಆಗಲ್ಲ.

ಸಿದ್ದೇಶ: ಪಂಕಲ್ಲಿ ಮಾತು ಯಾವತ್ತು ಅರ್ಥ ಆಗಿತ್ತು 😄

ಮಂಜು: ಕಾರ್ಟರ್ ಲೈಡನ್ನನ ಅನುಕರಣೆ ಮಾಡಿಲ್ಲ, ತನ್ನ ಹಳೇ ತಂಡ ಗ್ಯಾಲೋಸ್ ಕಾಲದ ಹಾರ್ಡ್‌ಕೋರ್, ಅಂದ್ರೆ ಕಿರುಚೋ ಗಂಟಲಲ್ಲೇ ಹಾಡ್ಯಾನೆ. ಮಿಮಿಕ್ರಿ ಮಾಡಿದ್ರೆ ನಾನೂ ಕರೋಕೆ ಅಂತಿದ್ದೆ.

ರೇಖಾ: ಸಿದ್ದೇಶ, ಇದಕ್ಕೆ ಉತ್ತರ ಕೊಡು. 2025ರಲ್ಲಿ ಜೋನ್ಸ್ ಮಣಿಕಟ್ಟು ಮುರೀತು, ಉತ್ತರ ಅಮೆರಿಕದ ಪ್ರವಾಸನೇ ನಿಂತು ಹೋತು. ಹಾಡೋನಿಗೆ ಬದಲಿ ಸಿಕ್ಕ, ಗಿಟಾರಿಗೆ ಯಾಕೆ ತರಲಿಲ್ಲ?

ಸಿದ್ದೇಶ: ಹಂಗಾದ್ರೆ ಜೋನ್ಸ್ ಪಾರ್ಟಿ ಅಂತ ಬೋರ್ಡ್ ಹಾಕ್ಲಿ.

ರೇಖಾ: ‘ಫೀಚರಿಂಗ್ ಫ್ರಾಂಕ್ ಕಾರ್ಟರ್’ ಅಂತ ಪೋಸ್ಟರಲ್ಲೇ ಐತಿ. ಕನ್ನಡಕ ಹಾಕ್ಕೊಂಡು ಓದು.

ಸಿದ್ದೇಶ: ಆತಲ್ಲ ಮತ್ತೆ! ಸ್ವಂತ ಗಾಯಕನಿಗೆ ಯಾರಾದ್ರೂ ಫೀಚರಿಂಗ್ ಅಂತ ಹಾಕ್ತಾರಾ?